ಸೀಟು ಸಾಲದ ಮೈದಾನ

ಕೊಲ್ಲಿ ದೇಶದ ಅಹ್ಮದಿಯಲ್ಲಿರುವ ನಮ್ಮ ಕಚೇರಿಯಲ್ಲಿ ಇಕಾಮಾ, ಅಂದರೆ ಇಲ್ಲಿ ನೆಲೆಸುವ ಪರವಾನಗಿ, ನವೀಕರಣವಾದವರು ಫಹಾಹೀಲ್ ಪೇಟೆಯಿಂದ ಸ್ವೀಟ್ ಬಾಕ್ಸ್ ತಂದು ಹಂಚುವುದು ವಾಡಿಕೆ. ಆ ವರ್ಷ ನನ್ನ ಸರದಿ ಬರುವುದೇ ಅನುಮಾನವಿತ್ತು. ನನ್ನ ಕುರ್ಚಿಗೆ ಹೊಸಬನೊಬ್ಬನನ್ನು ಆಗಲೇ ಆರಿಸಿದ್ದರು.

ಪಕ್ಕದ ಮೇಜಿನ ಇಂಗ್ಲೆಂಡಿನ ಎಂಜಿನಿಯರ್‌ಗೆ ಬೇರೆಯದೇ ಚಿಂತೆ. ಅವರ ಊರಿನ ರಗ್ಬಿ ತಂಡ ದೇಶದ ಮೊದಲ ದರ್ಜೆಯ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಕೊನೆಯವರು ಕೆಳಗಿನ ಲೀಗ್‌ಗೆ ಇಳಿಯಬೇಕು, ಅಲ್ಲಿ ಗೆದ್ದವರು ಮೇಲೆ ಬರಬೇಕು. ಕ್ರಿಕೆಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲದ ನನಗೆ ಅವರು ಊಟದ ಹೊತ್ತಿನಲ್ಲಿ ಪಾಠ ಮಾಡುತ್ತಿದ್ದರು. ಈ ಆಟಗಾರರಿಗೆ ರಾಜಾರೋಷವಾಗಿ ಸಂಬಳ ಕೊಡತೊಡಗಿ ಮೂವತ್ತು ವರ್ಷವಾಗಿದೆ, ಅಷ್ಟೇ. ಅವರ ತಾತನ ಕಾಲದಲ್ಲಿ ಗಣಿ ಕೆಲಸದವರೂ ಡಾಕ್ಟರರೂ ಒಂದೇ ತಂಡದಲ್ಲಿ ಪುಕ್ಕಟೆ ಆಡುತ್ತಿದ್ದರಂತೆ. ಗೆದ್ದರೆ ನಾಲ್ಕು ಅಂಕ. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಸಮಾಧಾನಕ್ಕೊಂದು. ಪಟ್ಟಿಯ ಮೊದಲಿನವರೂ ಸೆಮಿಫೈನಲ್, ಫೈನಲ್ ಆಡಿ ಗೆದ್ದರೇ ಚಾಂಪಿಯನ್.

"ಹಾಗಾದ್ರೆ ವರ್ಷವಿಡೀ ಗೆದ್ದು ಏನು ಬಂತು?" ಎಂದಿದ್ದೆ.

"ಸೆಮಿಫೈನಲ್ ನಮ್ಮೂರಲ್ಲೇ ಆಡಬಹುದು" ಎಂದರು.

ಅವರ ತಂಡ ಕೊನೆಯಲ್ಲೇ ಉಳಿಯಿತು. ಆದರೆ ಇಳಿಯಲಿಲ್ಲ. ಕೆಳಗೆ ಗೆದ್ದ ತಂಡದ ಮೈದಾನದಲ್ಲಿ ನಿಯಮ ಕೇಳುವಷ್ಟು ಸೀಟುಗಳಿರಲಿಲ್ಲವೆಂದು ಅವರನ್ನು ಮೇಲೆ ಬಿಡಲಿಲ್ಲ. ನಾನು ಖುಷಿಯಿಂದ ಮೈಸೂರು ಪಾಕಿನ ಬಾಕ್ಸ್ ತಂದು ಅವರ ಮೇಜಿನ ಮೇಲಿಟ್ಟೆ. ಅವರು ಥ್ಯಾಂಕ್ಸ್ ಹೇಳಿ, ತೆರೆಯದೆ ಡ್ರಾಯರಿನೊಳಗೆ ಸರಿಸಿದರು. ಎಂಥ ಬಿಗುಮಾನದ ಮನುಷ್ಯ ಎಂದುಕೊಂಡೆ.

ತಿಂಗಳ ಮೇಲೆ ಮ್ಯಾನೇಜರ್ ನನ್ನನ್ನು ಕರೆದರು. ಹೊಸಬ ಓದಿದ ಕಾಲೇಜಿಗೆ ಇಲ್ಲಿ ಮಾನ್ಯತೆ ಇಲ್ಲ, ಎಂಜಿನಿಯರ್ ಎಂದು ಅವನಿಗೆ ವೀಸಾ ಆಗುವುದಿಲ್ಲ. "ಖಲಾಸ್, ನೀವೇ ಮುಂದುವರೀರಿ" ಎಂದರು, ಕಾಗದದಿಂದ ತಲೆಯೆತ್ತದೆ. ನನ್ನ ಇಷ್ಟು ವರ್ಷಗಳ ಕೆಲಸದ ಬಗ್ಗೆ ಒಂದು ಮಾತಿಲ್ಲ.

"ಸದ್ಯ, ದೇವ್ರು ಕಣ್ಬಿಟ್ಟ. ನಾಳೆ ಸ್ವೀಟ್ ತಗೊಂಡ್ಹೋಗಿ, ಮರೀಬೇಡಿ" ಎಂದಳು ಹೆಂಡತಿ. ನೆಮ್ಮದಿಯಾಗಿತ್ತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು.

ಮರುದಿನ ಬರಿಗೈಯಲ್ಲಿ ಹೋದೆ. ಸ್ವೀಟ್ ಎಲ್ಲಿ ಎಂದು ಎಲ್ಲರೂ ಕೇಳಿದರು, ಪಕ್ಕದ ಮೇಜಿನವರೊಬ್ಬರನ್ನು ಬಿಟ್ಟು. ಅವರು ಊಟದ ಹೊತ್ತಿಗೆ ಎಂದಿನಂತೆ ಕುರ್ಚಿ ಎಳೆದುಕೊಂಡು ಬಂದು, ಮುಂದಿನ ವರ್ಷದ ಪಂದ್ಯಗಳ ಪಟ್ಟಿ ತೋರಿಸಿದರು. ಮೊದಲ ಪಂದ್ಯವೇ ಚಾಂಪಿಯನ್ನರ ವಿರುದ್ಧವಿತ್ತು.