ದಾಕ್ಷಿಣ್ಯದ ರಕ್ತ ಬೇಡ ಎನ್ನುವ ದುರ್ಗಕ್ಕ

ಬೆಳಗಿನ ಆರು ಗಂಟೆ. ಗಾದಿಗನೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಆಗಲೇ ಸಾಲುಗಟ್ಟಿವೆ. ಗುಡಿಯ ಕಟ್ಟೆಯ ಕೆಂಪು ಧೂಳನ್ನು ಸೆರಗಿನಿಂದ ಜಾಡಿಸಿ ದುರ್ಗಕ್ಕ ಕಾಯುತ್ತಿದ್ದಾಳೆ. ಯಾರ ಬಾಗಿಲನ್ನೂ ಬಡಿಯುವುದಿಲ್ಲ. ರಕ್ತ ಕೊಡುವ ಮನಸ್ಸಿದ್ದವರು ತಾವಾಗಿಯೇ ಬಂದು ಕೂರಬೇಕು.

ಗಣಿ ಜೋರಾದ ಈ ಐದಾರು ವರ್ಷಗಳಲ್ಲಿ ಊರಿನವರ ಎದೆಗೆ ಏನಾಗಿದೆ ಎಂದು ತಿಳಿಯಲು ವೈದ್ಯಕೀಯ ಕಾಲೇಜಿನ ತಂಡವೊಂದು ರಕ್ತ ಪರೀಕ್ಷಿಸುವ ಸಂಶೋಧನೆಗೆ ಬಂದಿದೆ. ಜನರನ್ನು ಒಪ್ಪಿಸುವುದು ಊರಿನವಳೇ ಆದ ದುರ್ಗಕ್ಕನ ಕೆಲಸ. ಮೊದಲ ವಾರ ಆಕೆ ಭಾರೀ ಉಮೇದಿನಲ್ಲಿ ಮನೆಮನೆ ಹೊಕ್ಕಳು. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು, ತೋಳನ್ನೂ ಚಾಚಿದರು. ಸಂಜೆ ಎದುರುಮನೆಯ ಮುದುಕಿ ಜಂಬವ್ವ ಬೀದಿಯಲ್ಲೇ ಅಡ್ಡಗಟ್ಟಿ ನೀರಿಳಿಸಿದಳು.

“ಸೂಜಿ ಅಂದ್ರ ನನ್ನ ಜೀವ ಹೋಗ್ತೈತಿ. ಮನಿತನಕ ಬಂದಾಕಿಗೆ ಇಲ್ಲ ಅನ್ನಾಕ ಬರ್ತೈತೇನ್ಲೇ?”

ತಂಡದ ಡಾಕ್ಟರ್ ತ್ರಿವೇಣಿ ಆ ರಕ್ತವನ್ನು ಸಂಶೋಧನೆಯಿಂದ ಕೈಬಿಟ್ಟರು. “ಹಂಗಾರ ನನ್ನ ರಕ್ತ ನನಗ ವಾಪಸ್ ಕೊಡ್ರಿ,” ಎಂದು ಜಂಬವ್ವ ಪಟ್ಟು ಹಿಡಿದಳು. ಅದನ್ನೂ ಸೂಜಿಯಿಂದಲೇ ಹಾಕಬೇಕು ಎಂದು ಡಾಕ್ಟರ್ ಹೇಳಿದ ಮೇಲೆ ತೋಳು ಮುಚ್ಚಿಕೊಂಡು ಮನೆ ಸೇರಿದಳು.

“ಡಾಕ್ಟ್ರು ಜೀಪ್ ಹತ್ತಿ ಹೋಗ್ತಾರ್ರಿ. ನಾಳೆ ನಳದ ತಾವ ಇವರ ಮುಖ ನೋಡಾಕಿ ನಾನು,” ಎನ್ನುತ್ತಾಳೆ ದುರ್ಗಕ್ಕ. ಅಂದಿನಿಂದ ಆಕೆಯದು ಕಟ್ಟುನಿಟ್ಟು. ಹಿಂದಿನ ದಿನ ವಿಷಯ ಹೇಳಿ, ಚಹಾ ಮುಟ್ಟದೆ ಎದ್ದು ಬರುತ್ತಾಳೆ. ಬೆಳಗ್ಗೆ ಬಾಗಿಲು ಹಾಕಿದ್ದರೆ ಅದೇ ‘ಒಲ್ಲೆ’ ಎಂಬ ಉತ್ತರ. ಪಾಪ, ತಂಡದವರಿಗೂ ಈಗ ಊರಲ್ಲಿ ಚಹಾ ಇಲ್ಲ.

ಈ ಕಟ್ಟುನಿಟ್ಟು ಕೊನೆಗೆ ಆಕೆಯ ಮನೆಗೇ ಬಂದು ನಿಂತಿದೆ. ಗಂಡ ಎರ್ರಿಯಪ್ಪ ಅದಿರು ತುಂಬುವ ಕೂಲಿ, ರಾತ್ರಿಯೆಲ್ಲ ಕೆಮ್ಮುತ್ತಾನೆ. ಪರೀಕ್ಷೆ ಎಂದರೆ, “ನನಗೇನಾಗೈತಿ?” ಎಂದು ಹೊದ್ದು ಮಲಗುತ್ತಾನೆ. ಗದರಿಸಿ ಎಳೆದು ತರುವುದು ಆಕೆಗೇನೂ ಕಷ್ಟವಲ್ಲ. ಆದರೆ ಊರಿಗೊಂದು, ಮನೆಗೊಂದು ನ್ಯಾಯ ಮಾಡಿದರೆ ಜಂಬವ್ವ ಬಿಟ್ಟಾಳೇ? ದುರ್ಗಕ್ಕನಿಗೆ ಒಳಗೊಳಗೇ ದಿಗಿಲು.

ಇವತ್ತು ನೋಡಿದರೆ ಎಲ್ಲರಿಗಿಂತ ಮೊದಲು ಎರ್ರಿಯಪ್ಪನೇ ಅಂಗಿಯ ತೋಳು ಮಡಚಿ ಕಟ್ಟೆಗೆ ಬಂದಿದ್ದಾನೆ. ತ್ರಿವೇಣಿ ನಗುತ್ತ ಸೂಜಿ ತೆಗೆಯುತ್ತಾರೆ. ದುರ್ಗಕ್ಕ ಅಡ್ಡ ಬರುತ್ತಾಳೆ.

“ತಡೀರಿ ಮೇಡಂ. ನಿನ್ನೆ ರಾತ್ರಿ ಹೋಳಿಗಿ ಮಾಡಿ ಬಡಿಸೀನಿ. ಆ ದಾಕ್ಷಿಣ್ಯಕ್ಕ ಬಂದಾರ ಇವ್ರು. ನಡಿಯಂಗಿಲ್ಲ.”

“ಹೌದೇನ್ರಿ?” ತ್ರಿವೇಣಿ ಆತನನ್ನೇ ಕೇಳುತ್ತಾರೆ.

“ತುಪ್ಪಾನೂ ಹಾಕಿದ್ಲು,” ಎಂದು ಎರ್ರಿಯಪ್ಪ ತಲೆ ತಗ್ಗಿಸಿ ಮನೆಯ ದಾರಿ ಹಿಡಿಯುತ್ತಾನೆ.

ಆತನ ಕೆಮ್ಮು ಓಣಿಯ ತಿರುವಿನವರೆಗೂ ಕೇಳುತ್ತದೆ. ದುರ್ಗಕ್ಕ ಅತ್ತಲೇ ನೋಡುತ್ತಾಳೆ.

“ಇವತ್ತ ರಾತ್ರಿಗೆ ಬರೇ ತಂಗಳ ರೊಟ್ಟಿ, ಖಾರ,” ಎನ್ನುತ್ತಾಳೆ. “ಅದನ್ನ ತಿಂದೂ ನಾಳೆ ಬಂದ್ರ, ಅಷ್ಟು ಸಾಕ್ರಿ ನನಗ.”