ಎಲೆ ಸವರಿದ ಲಕ್ಕಿ ಕಡ್ಡಿ

ಹರಿಹರದ ಬಸ್ಸಿನಲ್ಲಿ ಲಕ್ಕಿ ಸೊಪ್ಪಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದೆ. ಅಲ್ಲಿರುವ ಬಾಣಂತಿ ಮಗಳ ಸ್ನಾನಕ್ಕೆಂದು ಒಯ್ಯುತ್ತಿದ್ದೆ. ಬಿಸಿಲಿಗೆ ಬಾಡಿದ ಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ನಿಟ್ಟುವಳ್ಳಿಯ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು…

ಕುಕ್ಕುವಾಡದಿಂದ ಸೊಸೆಯಾಗಿ ಬಂದವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಆಳೆತ್ತರದ ಲಕ್ಕಿ ಬೇಲಿಯಿತ್ತು. ದನ, ಆಡು ಬಾಯಿ ಹಾಕದ ಗಿಡ. ಬೇಲಿಗೆ ಹೇಳಿ ಮಾಡಿಸಿದ್ದು. ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ಸೊಪ್ಪು ಅಲ್ಲಿಂದಲೇ, ನೀರು ಎರೆಯುವ ಕೈಯೂ ಅವರದೇ.

ನಾನು ಬಸುರಿಯಾಗಿದ್ದಾಗ, ಹುಳುಹುಪ್ಪಟೆ ಬರುತ್ತವೆಂದು ಅವರ ಮಗ ಬೇಲಿ ತೆಗೆಸಿ ಕಾಂಪೌಂಡ್ ಕಟ್ಟಿಸಲು ಹೊರಟ. ತಾಯಿಯಿಲ್ಲದ ನನಗೆ ಬಾಣಂತನ ಮಾಡುವುದಾಗಿ ದೊಡ್ಡಮ್ಮ ಮಾತು ಕೊಟ್ಟಿದ್ದರು. ಸೊಪ್ಪೇ ಇಲ್ಲದಿದ್ದರೆ ಏನು ಗತಿ ಎಂದು ನನಗೆ ಪುಕಪುಕ. ಅವರು ಜಗಳಕ್ಕೆ ಹೋಗಲಿಲ್ಲ. ಮೊದಲ ಮಳೆ ಬಿದ್ದ ಮರುದಿನ ಕುಡುಗೋಲು ಹಿಡಿದು ತಾವೇ ಬೇಲಿ ಕಡಿದರು. ಬಲಿತ ಕಡ್ಡಿಗಳನ್ನು ಆರಿಸಿ ಮನೆಮನೆಗೂ ಹಂಚಿ, ಎಲೆಯನ್ನೆಲ್ಲ ಸವರಿ ನೆಡಬೇಕೆಂದು ಹೇಳಿದರು. ಯಾರು ಕೇಳಬೇಕು? ಹಸಿರು ಚೆಂದ ಕಾಣುತ್ತದೆಂದು ಎಲ್ಲರೂ ಎಲೆ ಸಮೇತ ನೆಟ್ಟು, ದಿನಾ ಕೊಡಗಟ್ಟಲೆ ನೀರು ಸುರಿದರು.

ನಮ್ಮ ಹಿತ್ತಲಿಗೆ ಮಾತ್ರ ಅವರೇ ಬಂದು ಬೋಳು ಕಡ್ಡಿಗಳನ್ನು ಓರೆಯಾಗಿ ಊರಿದರು. ನೋಡಿದರೆ ಒಲೆಗಿಡುವ ಪುಳ್ಳೆಗಳೇ. ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿತು.

“ಬೇರಿಲ್ದ ಕಡ್ಡಿಗೆ ಎಲಿ ಸಾಕೋದು ಭಾರ ಆಗ್ತೈತೆ ನೋಡವ್ವಾ. ಮೊದ್ಲು ಕಾಲೂರ್ಲಿ. ಅವಸರ ಬ್ಯಾಡ.”

ಬೀದಿಯ ಹಸಿರು ಕಡ್ಡಿಗಳು ಬಾಡಿ, ಬುಡ ಕೊಳೆತು ಹೋದವು. ನಮ್ಮವು ಬಹಳ ದಿನ ಸುಮ್ಮನಿದ್ದು, ಆಮೇಲೆ ಒಂದೊಂದಾಗಿ ಚಿಗುರಿದವು. ಮಗಳು ಹುಟ್ಟುವ ಹೊತ್ತಿಗೆ ಹಂಡೆಗೆ ಸಾಲುವಷ್ಟು ಸೊಪ್ಪು! ಕುದಿಸಿದ ಆ ನೀರನ್ನು ದೊಡ್ಡಮ್ಮ ಬೆನ್ನಿಗೆ ರಪರಪ ಎರೆಯುತ್ತಿದ್ದರೆ ಮೈನೋವೆಲ್ಲ ಇಳಿದು ಅಲ್ಲೇ ತೂಕಡಿಕೆ ಬರುತ್ತಿತ್ತು. ಮುಂದಿನ ಮಳೆಗೆ ನಮ್ಮ ಗಿಡದ ಕಡ್ಡಿಗಳನ್ನೇ ಕೊಯ್ದು, ಹಿಂದಿನದನ್ನು ಎತ್ತಿ ಆಡದೆ, ಮತ್ತೆ ಮನೆಮನೆಗೂ ಕೊಟ್ಟು ಬಂದರು. ನಾನಾಗಿದ್ದರೆ ನಾಲ್ಕು ಮಾತು ಆಡಿಯೇ ಕೊಡುತ್ತಿದ್ದೆ. ಅಂಥ ದೊಡ್ಡ ಮನಸ್ಸಿನ ಗಟ್ಟಿಗಿತ್ತಿಯನ್ನು ಮತ್ತೆ ಕಾಣಲಿಲ್ಲ…

ದೊಡ್ಡಮ್ಮ ಹೋಗಿ ವರ್ಷವಾಗುತ್ತ ಬಂತು. ಹರಿಹರದಲ್ಲಿ ಮಗಳಿಗೆ ಎರೆದು, ಅವಳನ್ನು ಬೆಚ್ಚಗೆ ಮಲಗಿಸಿ ಬಚ್ಚಲಿಗೆ ಮರಳಿದೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಹಂಡೆಯಲ್ಲಿ ಲಕ್ಕಿ ನೀರು ಇನ್ನೂ ಬಿಸಿಯಿತ್ತು. ನನ್ನ ಬೆನ್ನಿಗೆ ಎರೆಯುವವರು ಇರಲಿಲ್ಲ.