ನೀರಕ್ಕನ ಅಳತೆ

ಕುಡಿತದ ಮೇಲೆ ಸಂಶೋಧನೆ ನಡೆಸುವ ಸಂಸ್ಥೆಯೊಂದಕ್ಕಾಗಿ ಮನೆಮನೆ ಸುತ್ತುವ ಕೆಲಸ ಆಕೆಯದು. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದರೆ ಯಾರು ತಾನೇ ನಿಜ ಹೇಳಿಯಾರು? ಎಲ್ಲರೂ 'ಒಂಚೂರು' ಗಿರಾಕಿಗಳೇ! ಅದಕ್ಕೇ ಆಕೆ ಬಾಯಿಯನ್ನು ಕೇಳುವುದಿಲ್ಲ, ಕೈಯನ್ನು ಕೇಳುತ್ತಾಳೆ. "ನೀವು ಕುಡಿಯೋ ಲೋಟ ತನ್ನಿ, ದಿನಾ ಹಾಕ್ಕೊಳ್ಳೋಷ್ಟು ನೀರು ಹಾಕಿ ತೋರಿಸಿ" ಎನ್ನುತ್ತಾಳೆ. ಕೈ ತನ್ನ ಅಭ್ಯಾಸ ಬಿಟ್ಟೀತೇ? ಸುರಿದ ನೀರನ್ನು ಅಳತೆಯ ಜಾಡಿಗೆ ಬಗ್ಗಿಸಿಕೊಂಡು, "ಇಷ್ಟೇನಾ, ಇನ್ನೂ ಇದೆಯಾ?" ಎಂದು ಊಟ ಬಡಿಸುವವಳ ಹಾಗೆ ವಿಚಾರಿಸುತ್ತಾಳೆ. ಬೀದಿಯವರು ಆಕೆಗೆ ನೀರಕ್ಕ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ.

ಊರಿಗೆಲ್ಲ ಅಳತೆ ಹಿಡಿದ ಈ ಪುಣ್ಯಾತ್ಗಿತ್ತಿಗೆ ಒಡಹುಟ್ಟಿದ ತಮ್ಮನನ್ನು ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಅವನು ಲಾರಿ ಮೆಕ್ಯಾನಿಕ್. ಈಚೆಗೆ ಸ್ಪ್ಯಾನರ್ ಹಿಡಿದರೆ ಕೈ ನಡುಗುತ್ತದೆಂದು ಅವನ ಹೆಂಡತಿ ಅತ್ತು ಹೇಳಿದ್ದಳು. ಅಣ್ಣ ಒಮ್ಮೆ ಹಿಗ್ಗಾಮುಗ್ಗಾ ಬೈದಿದ್ದಕ್ಕೆ ಅವನು ಅಣ್ಣನ ಮನೆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ತಾನೂ ಬಾಯಿಬಿಟ್ಟರೆ ಇರುವ ಒಬ್ಬ ತಮ್ಮ ಕೈತಪ್ಪಿಹೋದಾನು ಎಂಬ ದಿಗಿಲು ನೀರಕ್ಕನಿಗೆ.

ಒಂದು ಭಾನುವಾರ ಮಧ್ಯಾಹ್ನ ಅವನೇ ಬಂದ. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ್ದ ಜಾಡಿ ಕಂಡು ನಕ್ಕ.

"ಊರೋರನ್ನೆಲ್ಲ ಕೇಳ್ತೀಯಲ್ಲಕ್ಕ, ನಾನೇನು ಪಾಪ ಮಾಡಿದ್ದೆ?"

"ಮನೆಯೋರನ್ನ ಕೇಳೋ ಹಾಗಿಲ್ಲ ಕಣೋ, ನಮ್ಮಲ್ಲಿ ರೂಲ್ಸು."

"ನಿಮ್ಮ ಲೆಕ್ಕಕ್ಕೆ ಬೇಡ. ನೀನು ಸುಮ್ನೆ ನೋಡು."

ಗೂಡಿನಿಂದ ಒಂದು ಸ್ಟೀಲ್ ಲೋಟ ತೆಗೆದು, "ನಂದೂ ಇಂಥದ್ದೇ" ಎಂದು ನೀರು ತುಂಬಿದ. ಆಕೆ ಜಾಡಿಗೆ ಬಗ್ಗಿಸಿಕೊಂಡಳು. ಮತ್ತೆ ತುಂಬಿದ. ಎದುರಿಗಿದ್ದವನು ತಮ್ಮನಾದರೂ ಆಕೆಯ ಬಾಯಿಗೆ ಬಂದದ್ದು ಅಭ್ಯಾಸದ ಮಾತೇ: "ಇಷ್ಟೇನಾ, ಇನ್ನೂ ಇದೆಯಾ?"

ತಮ್ಮನ ನಗು ಆರಿಹೋಯಿತು. ಇನ್ನರ್ಧ ಲೋಟ ಸುರಿದ.

"ಇದು ಬೆಳಿಗ್ಗೆದು. ಹಲ್ಲುಜ್ಜೋಕೂ ಮುಂಚೆ. ಅವಳಿಗೂ ಗೊತ್ತಿಲ್ಲ."

ಅಯ್ಯೋ ಕಂದಾ! ಎಷ್ಟು ದಿನದಿಂದ ಇದನ್ನು ಒಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದನೋ!

"ಬೈಯಲ್ವಾ ಅಕ್ಕ?"

"ಬೈದ್ರೆ ನಡುಕ ನಿಲ್ಲುತ್ತೇನೋ, ಪೆದ್ದ? ಹಾಗಂತ ಹಠಕ್ಕೆ ಬಿದ್ದು ಒಂದೇ ದಿನಕ್ಕೆ ನೀನೇ ಬಿಟ್ಬಿಡ್ಬೇಡ, ಜೀವಕ್ಕೇ ಅಪಾಯ. ಡಾಕ್ಟರು ಹೇಳಿದ ಹಾಗೆ ಬಿಡ್ಬೇಕು. ನಾಳೆನೇ ಹೋಗೋಣ, ನಾನೂ ಬರ್ತೀನಿ. ಗ್ಯಾರೇಜಿಗೆ ರಜ ಹೇಳು."

ಅವನು ತಲೆ ಎತ್ತಲಿಲ್ಲ.

"ಹೇಳೇ ಬಂದಿದೀನಿ ಕಣಕ್ಕ" ಎಂದ.